ಆ ಕುದುರೆ ಸವಾರನಿಗೆ ಒಂದು ಹೆಸರಿತ್ತು

ಓದುಗರ ಪತ್ರ: “ಧಾರವಾಡದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್‌ನಲ್ಲಿ ಒಂದು ಹಳೇ ಕಲ್ಲಿನ ಶಿಲ್ಪ, ಮೆಟ್ಟಿಲ ಹತ್ತಿರ ಒಂದು ಮಾಡರ್ನ್ ಶಿಲ್ಪ ಇಡಿ ಅಂತ ಇಂಟೀರಿಯರ್‌ನವರು ಹೇಳುತ್ತಾರೆ. ಹಳೆಯದರ ಫೋಟೊ ಕಳಿಸಿದ್ದೇನೆ. ಸ್ವಲ್ಪ ಮುಕ್ಕಾಗಿದೆ. ಮುಕ್ಕಾದದ್ದು ಮನೆಯೊಳಗೆ ಬೇಡ ಅಂತ ನಮ್ಮ ಅತ್ತೆ. ಹೊಸದು ಗೀಸರಿನ ಪೈಪು ತಿರುಚಿದ ಹಾಗಿದೆ ಅಂತ ನಮ್ಮ ಯಜಮಾನರು. ಎರಡನ್ನೂ ಬೆರೆಸಿ ಇಡಬಹುದಾ?” (ಹೆಸರು ಬೇಡ ಎಂದ ಓದುಗರು)

ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ. ಆದರೆ ಮನೆಯಲ್ಲಿ ಸರಿಯಾಗಿ ಹೇಳಿದವರು ಅವರೊಬ್ಬರೇ.

ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕುದುರೆ ಮೇಲೆ ಒಬ್ಬ, ಕೈಯಲ್ಲಿ ಈಟಿ. ಕುದುರೆಯ ಕಾಲಡಿ ಇಬ್ಬರು ಬಿದ್ದಿದ್ದಾರೆ. ಕಲ್ಲಿನ ಪಕ್ಕದ ಅಂಚುಗಳು ಮಳೆ ಗಾಳಿಗೆ ಸವೆದು ದುಂಡಗಾಗಿವೆ. ಮೇಲಿನ ಅಂಚು ಮಾತ್ರ ಬ್ರೆಡ್ಡು ಕೊಯ್ದ ಹಾಗೆ ನೆಟ್ಟಗಿದೆ. ಆ ಅಂಚಿಗೆ ಅಂಟಿಕೊಂಡು ಗೀರುಗಳ ಒಂದು ಸಾಲು. ನೀವು ಅದನ್ನು ಬಳ್ಳಿಯ ಡಿಸೈನು ಅಂದುಕೊಂಡಿರಬೇಕು. ಅವು ಅಕ್ಷರಗಳು, ಅಕ್ಷರಗಳ ಕೆಳಗಿನ ಅರ್ಧ. ಮೇಲಿನ ಅರ್ಧ ಮೆಷಿನ್ನಿನ ಬ್ಲೇಡಿಗೆ ಹೋಗಿದೆ.

ತಾಯೀ, ಅದು ವೀರಗಲ್ಲು. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಅಂತಸ್ತು. ಕೆಳಗೆ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ನಡುವಿನ ಪಟ್ಟಿಗಳಲ್ಲಿ ಬರಹ: ಯಾವ ರಾಜನ ಕಾಲ, ಯಾವ ಊರು, ಯಾರ ದನ ಬಿಡಿಸಲು ಹೋಗಿ ಯಾರು ಸತ್ತ. ನಿಮಗೆ ತೋರಿಸಿರುವುದು ಬರೀ ಕೆಳಗಿನ ಅಂತಸ್ತು. ಅಪ್ಸರೆಯರು ಈಗ ಇನ್ಯಾರದೋ ಫಾರ್ಮ್‌ಹೌಸಿನಲ್ಲಿ ಇದ್ದಾರೋ ಏನೋ. ಪಾಪ, ಅವನು ಇನ್ನೂ ಯುದ್ಧ ಮಾಡುತ್ತಲೇ ಇದ್ದಾನೆ.

ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಹಳೇ ಸಾಕ್ಷಿ ಬೇಗೂರಿನ ಒಂದು ವೀರಗಲ್ಲು, ಕ್ರಿ.ಶ. 890ರ ಆಸುಪಾಸಿನದು. ಬೆಂಗುಳೂರ ಕಾಳೆಗದಲ್ಲಿ ಒಬ್ಬ ಸತ್ತ ಅಂತ ಅದರಲ್ಲಿದೆ. ಯಾರೋ ಅದನ್ನೂ ಮೂರು ತುಂಡು ಮಾಡಿ ಮಾರಿದ್ದರೆ?

ಕಾನೂನಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. 1972ರ ಪುರಾತನ ವಸ್ತುಗಳ ಕಾಯಿದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲ್ಲಿನ ಅಥವಾ ಲೋಹದ ಶಿಲ್ಪ ಮನೆಯಲ್ಲಿದ್ದರೆ ಪುರಾತತ್ವ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಮಾರುವವರಿಗೆ ಲೈಸೆನ್ಸ್ ಬೇಕು. ನಿಮ್ಮ ಇಂಟೀರಿಯರ್‌ನವರನ್ನು ಈ ಎರಡು ಕಾಗದ ಕೇಳಿ ನೋಡಿ. ಅವರು ಸುಮ್ನೆ ನಗುತ್ತಾರೆ. ಆ ನಗುವೇ ಉತ್ತರ.

ದೇವರು ಕೋರ್ಟಿಗೆ ಹೋದ ಕತೆ ಗೊತ್ತಾ? ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ಕೂಲಿಯವನೊಬ್ಬನಿಗೆ ಅಗೆಯುವಾಗ ಕಂಚಿನ ನಟರಾಜ ಸಿಕ್ಕಿತು. ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ ಸೇರಿತು. ಕೇಸು ನಡೆಯಿತು. ಮೂರ್ತಿ ನಮ್ಮದು ಅಂತ ಹಕ್ಕು ಕೇಳಿದವರ ಸಾಲಿನಲ್ಲಿ ಭಾರತ ಸರ್ಕಾರದ ಜೊತೆ ಆ ಊರಿನ ಗುಡಿಯ ಶಿವಲಿಂಗವೂ ಇತ್ತು! ಗೆದ್ದು 1991ರಲ್ಲಿ ನಟರಾಜ ವಾಪಸು ಬಂದ. ನಿಮ್ಮ ಕುದುರೆ ಸವಾರನ ಪರ ಕೇಸು ಹಾಕುವವರು ಯಾರು? ಅವನ ಹೆಸರನ್ನೇ ಕೊಯ್ದಾಗಿದೆ.

ಹಳೆಯದರ ಮೇಲಿನ ಪ್ರೀತಿ ತಪ್ಪಲ್ಲ, ಒಪ್ಪಿದೆ. ಅಜ್ಜಿಯ ಹಿತ್ತಾಳೆ ದೀಪ, ಮನೆತನದ ಬಿದರಿ ಹೂಜಿ ಇದ್ದರೆ ಧಾರಾಳವಾಗಿ ಹಾಲ್‌ನಲ್ಲಿಡಿ. (ಬಿದರಿಗೆ ಹುಣಸೆಹಣ್ಣು ಮಾತ್ರ ಹಚ್ಚಬೇಡಿ. ಆ ಕಪ್ಪೇ ಅದರ ಚೆಂದ.) ಅಂಗಡಿಯಲ್ಲಿ ಕೊಳ್ಳುವ ಹಳೇದರ ಕತೆ ಬೇರೆ. ನಾನೇ ಮೋಸ ಹೋಗಿದ್ದೇನೆ. ಇನ್ನೂರು ವರ್ಷ ಹಳೇ ನಂದಿ ಅಂತ ಒಂದು ಹಿತ್ತಾಳೆ ತಂದಿದ್ದೆ. ಎರಕ ಹೊಯ್ಯುವ ಗೆಳೆಯ ಮನೆಗೆ ಬಂದವನು ಅದನ್ನು ತಿರುವಿ ಹಾಕಿ ತಳ ನೋಡಿದ. ಅಲ್ಲಿ ಕಮಾನಿನ ಹಾಗೆ ಬಾಗಿದ ಸಣ್ಣ ಸಣ್ಣ ಗೆರೆಗಳು. “ಇನ್ನೂರು ವರ್ಷದ ಹಿಂದೆ ಗ್ರೈಂಡರ್ ಮೆಷಿನ್ ಇತ್ತಾ ಸಾರ್?” ಅಂದ. ಬೆರಳಿಗೆ ಉಗುಳು ಹಚ್ಚಿ ಉಜ್ಜಿದ. ಹಸಿರು ಕಿಲುಬು ಬೆರಳಿಗೇ ಬಂತು. ಆ ನಂದಿ ಈಗ ನಮ್ಮ ಪ್ರೆಸ್ಸಿನಲ್ಲಿ ಕಾಗದ ಹಾರದಂತೆ ಕೂತಿದೆ.

ಅವತ್ತಿನಿಂದ ನನ್ನದು ಒಂದೇ ಹಟ. ಕೊಳ್ಳುವುದಾದರೆ ಕೆತ್ತುವವನ ಕೈಯಿಂದಲೇ ಕೊಳ್ಳಬೇಕು.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಒಮ್ಮೆ ಹೋಗಿ ಬನ್ನಿ. ಊರಿಗೆ ಊರೇ ಕಲ್ಲಿನ ಕೆಲಸ ಮಾಡುತ್ತದೆ. ಬಾಗಿಲ ಮುಂದೆ ಅರ್ಧ ಆದ ಗಣಪತಿ, ಸೀಮೆಸುಣ್ಣದ ಗೆರೆ ಎಳೆದಿಟ್ಟ ಹಸಿ ಕಲ್ಲು, ತಲೆ ಮೇಲೆಲ್ಲ ಬೂದಿಯಂಥ ಧೂಳು. ನಾನು ಹೋದಾಗ ಹಿರಿಯ ಶಿಲ್ಪಿಯೊಬ್ಬರು ಕಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿ ಕೊಟ್ಟು ಕೇಳುತ್ತಿದ್ದರು. ಗಂಟೆಯ ಹಾಗೆ ಕೇಳಿದರೆ ಕಲ್ಲು ಗಟ್ಟಿ. ಮಂಕಾಗಿ ಕೇಳಿದರೆ ಒಳಗೆಲ್ಲೋ ಬಿರುಕು. “ಮದುವೆಗೆ ಹೆಣ್ಣು ನೋಡೋಕೆ ಹೋದಾಗ ಹಾಡು ಹೇಳಿಸ್ತಿರಲಿಲ್ವಾ, ಹಾಗೇ” ಅಂದು ನಕ್ಕರು. ನನಗೂ ತಟ್ಟಲು ಕೊಟ್ಟರು. ನನಗೆ ಎರಡೂ ಒಂದೇ ಥರ ಕೇಳಿಸಿತು! ಶಿವಾರಪಟ್ಟಣ ನಿಮಗೆ ದೂರ ಅನ್ನಿಸಿದರೆ ಸಾಗರ, ಸೊರಬದ ಕಡೆ ಗುಡಿಗಾರರಿದ್ದಾರೆ. ಮರದಲ್ಲಿ ಅವರ ಕೈ ನೋಡಬೇಕು.

ನಿಮ್ಮ ಯಜಮಾನರಿಗೂ ಒಂದು ಮಾತು. ಗೀಸರ್ ಪೈಪು ಜೋಕಿಗೆ ನಾನೂ ನಕ್ಕೆ. ಆದರೆ ಬೆಂಗಳೂರಿನಲ್ಲಿರುವ ಬಾಲನ್ ನಂಬಿಯಾರ್ ಅವರ ಸ್ಟೀಲಿನ ಶಿಲ್ಪ ನೋಡಿದ್ದಾರಾ? ಕೇರಳದ ತೆಯ್ಯಂ ಕುಣಿತ, ಭೂತಾರಾಧನೆಗಳ ಹಿಂದೆ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ತಿರುಗಿದವರು ಅವರು. ಶಿಲ್ಪಿ ಮೀರಾ ಮುಖರ್ಜಿ ಛತ್ತೀಸಗಡದ ಬಸ್ತರಿಗೆ ಹೋಗಿ ಆದಿವಾಸಿ ಎರಕದವರ ಹತ್ತಿರ ಕೂತು ಕಲಿತರು. ರಾಮಕಿಂಕರ ಬೈಜ್ 1938ರಲ್ಲಿ ಶಾಂತಿನಿಕೇತನದಲ್ಲಿ ಸಂತಾಲ ಕುಟುಂಬವೊಂದನ್ನು ಸಿಮೆಂಟು, ಜಲ್ಲಿಯಲ್ಲೇ ನಿಲ್ಲಿಸಿದರು. ನಿಮ್ಮ ಮನೆ ಕಟ್ಟಿ ಉಳಿದ ಸಿಮೆಂಟು ಜಲ್ಲಿಯೂ ಅದೇ ಅಲ್ವಾ? ಹಳೇದು ಹೊಸದು ಬೆರೆಯುವುದು ಹೀಗೆ, ಮಾಡುವವರ ಕೈಯಲ್ಲಿ. ಹಾಲ್‌ನಲ್ಲಿ ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಬೆರೆಯುವುದಿಲ್ಲ.

ನನ್ನ ಸಿಟ್ಟು ಇನ್ನೊಂದಿದೆ, ಹೇಳಿಬಿಡುತ್ತೇನೆ. ಗೃಹಪ್ರವೇಶಕ್ಕೆ ಬಂದವರಿಗೆ ಟೈಲ್ಸ್ ಯಾವ ಕಂಪನಿ, ನಲ್ಲಿ ಯಾವ ಕಂಪನಿ ಅಂತ ಕೇಳದಿದ್ದರೂ ಹೇಳುತ್ತೇವೆ. ಫಾಲ್ಸ್ ಸೀಲಿಂಗಿಗೆ ಲಕ್ಷ ಸುರಿಯುತ್ತೇವೆ. ಮೂರು ತಿಂಗಳು ಕೂತು ಕೆತ್ತಿದವನ ಹತ್ತಿರ ಮಾತ್ರ ಐನೂರು ರೂಪಾಯಿಗೆ ಚೌಕಾಸಿ. ಸರ್ಕಲ್ಲಿನ ಪ್ರತಿಮೆಗಳನ್ನೇ ನೋಡಿ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿಯವರು, ಎಲ್ಲರ ಹೆಸರೂ ಕಲ್ಲಿನ ಮೇಲಿದೆ. ಮಾಡಿದವನ ಹೆಸರು ಹುಡುಕಲು ಭೂತಗನ್ನಡಿ ಬೇಕು. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಗಳ ಕೆಳಗೆ ರುಜು ಹಾಕಿದ್ದಾರೆ. ಹದಿಮೂರನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹೊಯ್ಸಳರ ಕಾಲಕ್ಕೆ ಇದ್ದ ಮರ್ಯಾದೆಯನ್ನು ಕಳೆದುಕೊಂಡಿದ್ದೇವೆ. ಆ ಗುಡಿಗಳಿಗೆ 2023ರಲ್ಲಿ ಯುನೆಸ್ಕೊ ಪಟ್ಟ ಬಂದಾಗ ಪಟಾಕಿ ಹೊಡೆದೆವು. ಅದೇ ಕುಲಕಸುಬಿನವರು ಇವತ್ತು ಮಗನನ್ನು ಡಿಪ್ಲೊಮಾಗೆ ಕಳಿಸಿ ಉಳಿ ಕಟ್ಟಿಡುತ್ತಿದ್ದಾರೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೆಟ್ಟಿಲ ಹತ್ತಿರದ ಜಾಗ ಟೇಪು ಹಿಡಿದು ಅಳೆಯಿರಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆಜಿ ತೂಗುತ್ತದೆ. ಹಾಗಾಗಿ ಮಹಡಿ ಮೇಲೆ ಇಡುವುದಾದರೆ ಎಂಜಿನಿಯರನ್ನು ಕೇಳಿ. ಅಳತೆ ಹಿಡಿದು ಶಿಲ್ಪಿಯ ಹತ್ತಿರ ನೀವೇ ಹೋಗಿ, ನಿಮಗೇನು ಬೇಕೋ ಹೇಳಿ ಮಾಡಿಸಿ. ತಳದಲ್ಲಿ ಅವರ ಹೆಸರು ಕೆತ್ತಿಸಿಕೊಳ್ಳುವುದು ಮರೆಯಬೇಡಿ.

ಇನ್ನು ಆ ಕಲ್ಲು. ದುಡ್ಡು ಕೊಡಬೇಡಿ, ಆದರೆ ಬೇಡ ಅಂತಲೂ ಈಗಲೇ ಹೇಳಬೇಡಿ. ಸಾಯಂಕಾಲ ಬಿಸಿಲು ಪಕ್ಕದಿಂದ ಬೀಳುವಾಗ ಆ ಮೇಲಂಚಿನ ಫೋಟೊ ಹತ್ತಿರದಿಂದ ಎರಡು ಮೂರು ತೆಗೆದುಕೊಂಡು ನಿಮ್ಮೂರಿನದೇ ವಿಶ್ವವಿದ್ಯಾಲಯದಲ್ಲಿ ಶಾಸನ ಓದುವವರಿಗೆ ತೋರಿಸಿ. ನನಗೂ ಒಂದು ಪ್ರತಿ ಕಳಿಸಿ. ಅರ್ಧ ಅಕ್ಷರದಲ್ಲೂ ಊರಿನ ಹೆಸರು ಹಿಡಿಯಬಲ್ಲವರು ಇದ್ದಾರೆ.