ಮಳೆ ಇಲ್ಲದ ಕಾದಂಬರಿ

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ: ‘2005ರಲ್ಲಿ ಬಂದ “ಪ್ರೈಡ್ ಅಂಡ್ ಪ್ರೆಜುಡೀಸ್” ಸಿನಿಮಾ ನೋಡಿ ಮರುಳಾದೆ. ಆಮೇಲೆ ಜೇನ್ ಆಸ್ಟೆನ್ ಅವರ ಕಾದಂಬರಿ ಹಿಡಿದೆ. ಬರೀ ಮಾತು. ಡಾರ್ಸಿ ಮಳೆಯಲ್ಲಿ ತೊಯ್ದುಕೊಂಡು ಪ್ರೀತಿ ಹೇಳಿಕೊಳ್ಳುವ ದೃಶ್ಯವೇ ಇಲ್ಲ! ಸಿನಿಮಾ ನೋಡಿದ ಮೇಲೆ ಪುಸ್ತಕ ಓದಬಾರದು, ಅಲ್ವಾ?’

ಅಲ್ಲಮ್ಮಾ, ಸಕಲೇಶಪುರದಲ್ಲಿ ಕೂತು ಮಳೆ ಸಾಲದು ಅಂತೀರಲ್ಲ! ಅಂಗಳ ಪಾಚಿಗಟ್ಟಿ, ಒಣಹಾಕಿದ ಬಟ್ಟೆಗೆ ಮುಗ್ಗಲು ವಾಸನೆ ಹಿಡಿಯುವ ಊರು ನಿಮ್ಮದು.

ಸಿನಿಮಾ ಚೆನ್ನಾಗಿದೆ, ಒಪ್ಪಿದೆ. ಐದು ಹೆಣ್ಣುಮಕ್ಕಳ ಸಂಸಾರವನ್ನು ಎರಡು ಗಂಟೆಯಲ್ಲಿ ಮುಗಿಸುವುದು ಸುಲಭವಲ್ಲ. ಹೊಗಳಿಕೆ ಇಷ್ಟು ಸಾಕು.

ಈಗ ಪುಸ್ತಕಕ್ಕೆ ಬನ್ನಿ. ನಾಯಕಿ ಎಲಿಜಬೆತ್ ತಲೆನೋವೆಂದು ಗೆಳತಿಯ ಮನೆಯಲ್ಲಿ ಒಬ್ಬಳೇ ಉಳಿದಿರುತ್ತಾಳೆ. ಡಾರ್ಸಿ ಬರುತ್ತಾನೆ. ಮೈ ಹೇಗಿದೆ ಎಂದು ವಿಚಾರಿಸುತ್ತಾನೆ. ಕೂರುತ್ತಾನೆ, ಏಳುತ್ತಾನೆ, ಕೋಣೆಯಲ್ಲೇ ಅಡ್ಡಾಡುತ್ತಾನೆ. ಕೊನೆಗೆ ಬಾಯಿಬಿಟ್ಟರೆ ಪ್ರೀತಿಯ ಜೊತೆಗೇ ಅವಳ ಮನೆತನದ ಕೊರತೆಯನ್ನೂ ಎತ್ತಿ ಆಡುತ್ತಾನೆ! ಅವಳು ಮುಖಕ್ಕೆ ಹೊಡೆದ ಹಾಗೆ ಒಲ್ಲೆ ಅನ್ನುತ್ತಾಳೆ. ಮಾರನೆಯ ದಿನ ಅವನು ಅವಳ ಕೈಗೆ ಒಂದು ಕಾಗದ ಕೊಟ್ಟು ಹೋಗುತ್ತಾನೆ.

36ನೇ ಅಧ್ಯಾಯ ಪೂರ್ತಿ ಅವಳು ಆ ಕಾಗದ ಓದುವುದೇ. ಮೊದಲು ಸಿಟ್ಟಿನಲ್ಲಿ ಗಬಗಬ ಓದಿ, ಎಲ್ಲಾ ಸುಳ್ಳು ಎಂದು ಮಡಚಿಡುತ್ತಾಳೆ. ಅರ್ಧ ನಿಮಿಷ ತಡೆಯಲಾಗುವುದಿಲ್ಲ, ಮತ್ತೆ ಬಿಚ್ಚುತ್ತಾಳೆ. ಈ ಸಲ ಒಂದೊಂದೇ ವಾಕ್ಯ. ಇಷ್ಟು ದಿನ ನನ್ನನ್ನೇ ನಾನು ಅರಿತಿರಲಿಲ್ಲ ಅನ್ನಿಸುತ್ತದೆ. ಅವಳ ಮನಸ್ಸು ತಿರುಗುವುದು ಇಲ್ಲಿ. ಕ್ಯಾಮೆರಾ ಇಲ್ಲಿ ಏನು ತೋರಿಸೀತು? ಹುಡುಗಿ ಕಾಗದ ಓದುತ್ತಿದ್ದಾಳೆ, ಅಷ್ಟೇ. ಅದಕ್ಕೇ ಅವರಿಗೆ ಮಳೆ ಬೇಕಾಯಿತು.

ಹಾಗಾಗಿ ಸಿನಿಮಾ ನೋಡಿದ ಮೇಲೆಯೇ ಓದಿ ಅನ್ನುತ್ತೇನೆ ನಾನು. ಮುಂದೇನಾಗುತ್ತದೋ ಎಂಬ ಅವಸರ ಇರುವುದಿಲ್ಲ. ನೀವು ಎಲಿಜಬೆತ್‌ಳ ಮೊದಲ ಓದನ್ನಷ್ಟೇ ಮಾಡಿದ್ದೀರಿ. ಕಾಗದ ಬರೆಯುವಷ್ಟು ಕೋಪ ಬಂದಿದೆ ಅಂದರೆ ಎರಡನೆಯದಕ್ಕೂ ನೀವು ತಯಾರು.

ಇನ್ನು ನಮ್ಮ ಕಡೆಯ ವಿಷಯ. ಚಿಕ್ಕಮಗಳೂರಿನ ಕಡೆ ಹೋದವರು ‘ಬೆಳ್ಳಿಮೋಡ’ ಸಿನಿಮಾ ತೆಗೆದ ಜಾಗ ಎಲ್ಲಿ ಎಂದು ಕೇಳುತ್ತಾರೆ. ಅದರಲ್ಲಿ ಬರುವ ಬೇಂದ್ರೆಯವರ ‘ಮೂಡಲ ಮನೆಯ’ ಹಾಡು ಗುನುಗುತ್ತಾರೆ. ಕಾದಂಬರಿ ಎಲ್ಲಿ ಸಿಗುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ್ದು 1967ರಲ್ಲಿ. ಕಾದಂಬರಿ ಬರೆದ ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, ನೋಡಲೇ ಇಲ್ಲ. ಅಲ್ಲಿಯೂ ನಾಯಕಿ ಇಂದಿರಾ ಮೋಹನನಿಗೆ ಒಲ್ಲೆ ಅನ್ನುತ್ತಾಳೆ. ಬರೆದವಳ ಧೈರ್ಯ ಅದು, ಹೊಗಳಿಕೆ ಮಾತ್ರ ತೆರೆಗೆ.

ಆಸ್ಟೆನ್ ಪುಸ್ತಕ 1813ರಲ್ಲಿ ಅಚ್ಚಾದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಈಗ ಹೆಸರಿದೆ, ಆದರೆ ಎಷ್ಟೋ ಪ್ರತಿಗಳ ಮುಖಪುಟದ ತುಂಬ ನಟನಟಿಯರ ಫೋಟೊ. ಮೊನ್ನೆ ಗ್ರಂಥಾಲಯವೊಂದರಲ್ಲಿ ತ್ರಿವೇಣಿ ಇದೆಯಾ ಎಂದು ಕೇಳಿದೆ. ‘ಯಾವ ಪರೀಕ್ಷೆಗೆ ಸಾರ್?’ ಅಂದರು. ಕಪಾಟಿನ ತುಂಬ ಎಫ್‌ಡಿಎ, ಪಿಎಸ್‌ಐ ಗೈಡುಗಳು. ಹುಡುಗರಿಗೆ ಕೆಲಸ ಬೇಕು, ಸರಿ. ಕೆಲಸ ಸಿಕ್ಕಮೇಲೆ ಸಂಜೆ ಹೊತ್ತು ಏನು ಓದುತ್ತಾರೆ?

‘ಬೆಳ್ಳಿಮೋಡ’ ನಿಮ್ಮೂರಲ್ಲಿ ಸಿಗದಿದ್ದರೆ ತಿಳಿಸಿ, ನನ್ನ ಪ್ರತಿ ಕಳಿಸುತ್ತೇನೆ. ವಾಪಸ್ ಮಾತ್ರ ಬರಬೇಕು. ಪುಸ್ತಕ ಒಯ್ದು ಸುಮ್ನೆ ಕೂತವರ ಪಟ್ಟಿ ಈಗಾಗಲೇ ಉದ್ದ ಇದೆ.

– ಸಂ.