ಮುಖದ ಉರಿಗೆ ಪಥ್ಯ ಹುಡುಕುವ ಮೊದಲು ಕ್ರೀಮಿನ ಟ್ಯೂಬ್ ಓದಿ

ವಯಸ್ಸು ಮೂವತ್ತು ದಾಟಿದೆ, ತೀರ್ಥಹಳ್ಳಿ ಕಡೆಯವರು, ಕೆನ್ನೆ ಮೂಗು ಕೆಂಪಾಗಿ ಉರಿಯುತ್ತದೆ, ರೊಸೇಶಿಯಾ ಎಂಬ ಚರ್ಮದ ರೋಗ ಎಂದಿದ್ದಾರೆ. ಮೈ ಉಷ್ಣ ಇಳಿಸಲು ಏನು ಪಥ್ಯ ಮಾಡಬೇಕು, ಅಲ್ಲಿಯವರೆಗೆ ಮೆಡಿಕಲ್‌ನವರು ಕೊಟ್ಟ ಕ್ರೀಮ್ ಹಚ್ಚುತ್ತಿದ್ದರೆ ಸಾಕಾ ಎಂದು ಕೇಳಿದ್ದೀರಿ. ಆ ಕೊನೆಯ ಮಾತು ಓದಿ ನನಗೆ ಎದೆ ಧಸಕ್ಕೆಂದಿತು. ಪಥ್ಯದ ವಿಷಯ ಆಮೇಲೆ ಹೇಳುತ್ತೇನೆ.

ನಮ್ಮದು ಹೊಸನಗರ ಹತ್ತಿರದ ಅಡಿಕೆ ಮನೆ. ಕೊನೆಕೊಯ್ಲು ಶುರುವಾದರೆ ಅಂಗಳದ ಮೂಲೆಯ ದೊಡ್ಡ ಒಲೆಗೆ ಬಿಡುವೇ ಇಲ್ಲ. ಸುಲಿದ ಅಡಿಕೆ ಹಂಡೆಯಲ್ಲಿ ಕುದಿಯುತ್ತಿರುತ್ತದೆ, ಚೊಗರು ಉಕ್ಕಿ ಬರುತ್ತದೆ, ತೂತಿನ ಸೌಟಿನಲ್ಲಿ ಎತ್ತಿ ಬುಟ್ಟಿಗೆ ಹಾಕುವಾಗ ಹಬೆ ನೇರ ಮುಖಕ್ಕೆ ಹೊಡೆಯುತ್ತದೆ. ಒಲೆ ಬಿಟ್ಟು ಈಚೆ ಬಂದರೆ ಡಿಸೆಂಬರಿನ ಥಂಡಿ ಗಾಳಿ. ಅಲ್ಲಿ ನಿಂತವರ ಮುಖ ಎಲ್ಲರದ್ದೂ ಕೆಂಪಾಗುತ್ತದೆ. ಉಳಿದವರದ್ದು ಕೈಕಾಲು ತೊಳೆದು ಊಟಕ್ಕೆ ಕೂರುವಷ್ಟರಲ್ಲಿ ಇಳಿಯುತ್ತಿತ್ತು. ನನ್ನದು ರಾತ್ರಿ ಮಲಗುವಾಗಲೂ ಕಾಯುತ್ತಿತ್ತು. ಹೋಗ್ತಾ ಹೋಗ್ತಾ ಕೆನ್ನೆ ಮೇಲೆ ಸಣ್ಣ ಕೆಂಪು ಗುಳ್ಳೆ ಎದ್ದವು. ಮೂಗಿನ ಪಕ್ಕ ತೆಳ್ಳಗಿನ ಕೆಂಪು ನರ ಕಾಣಿಸಿತು.

ಅತ್ತೆ ಉಷ್ಣ ಅಂದರು. ಓರಗಿತ್ತಿ ಬಂಗು ಇರಬೇಕು ಅಂದಳು. ಪೇಟೆಗೆ ಹೋದಾಗ ಮೆಡಿಕಲ್ ಶಾಪಿನಲ್ಲಿ ಮುಖ ತೋರಿಸಿದೆ. ಚೀಟಿ ಕೇಳಲಿಲ್ಲ, ಎಷ್ಟು ದಿನದಿಂದ ಹೀಗಿದೆ ಎಂದೂ ಕೇಳಲಿಲ್ಲ. ಒಂದು ಸಣ್ಣ ಟ್ಯೂಬ್ ಕೊಟ್ಟರು, ರಾತ್ರಿ ಹಚ್ಚಿ ಎಂದರು.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ಆ ಕ್ರೀಮ್ ಕೆಲಸ ಮಾಡಿತು. ಬಹಳ ಚೆನ್ನಾಗಿ ಮಾಡಿತು, ತೊಂದರೆ ಆಗಿದ್ದೇ ಅಲ್ಲಿ. ಕೆಲವೇ ದಿನದಲ್ಲಿ ಕೆಂಪು ಇಳಿಯಿತು, ಗುಳ್ಳೆ ಬತ್ತಿದವು, ಮದುವೆ ಮನೆಯಲ್ಲಿ ಏನು ಹಚ್ಚುತ್ತೀಯೆ ಎಂದು ಕೇಳಿದವರೂ ಇದ್ದರು. ಅದರಲ್ಲಿ ಇದ್ದದ್ದು ಸ್ಟಿರಾಯ್ಡ್. ಸ್ಟಿರಾಯ್ಡ್ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಉರಿಯೂತವನ್ನು ಅದುಮುತ್ತದೆ. ಹಾಗಾಗಿ ಕೆಂಪು ಮಾಯವಾದಂತೆ ಕಾಣುತ್ತದೆ. ಒಳಗಿನ ರೋಗ ಬೂದಿ ಮುಚ್ಚಿದ ಕೆಂಡದ ಹಾಗೆ ಅಲ್ಲೇ ಇರುತ್ತದೆ. ದಿನಾ ಹಚ್ಚುತ್ತಾ ಹೋದರೆ ಮುಖದ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ಹಿಗ್ಗಿ ಮೇಲೆಯೇ ಕಾಣತೊಡಗುತ್ತವೆ. ಒಂದೆರಡು ರಾತ್ರಿ ಬಿಟ್ಟರೆ ಮೊದಲಿಗಿಂತ ಜಾಸ್ತಿ ಕೆಂಪು, ಜಾಸ್ತಿ ಉರಿ. ಆಗ ನಮಗೆ ಅನಿಸುವುದೇನು? ಕ್ರೀಮ್ ಬಿಟ್ಟಿದ್ದಕ್ಕೆ ಹೀಗಾಯಿತು, ಮತ್ತೆ ಹಚ್ಚಬೇಕು ಅಂತ. ನಾನೂ ಮತ್ತೆ ಹಚ್ಚಿದೆ. ಟ್ಯೂಬಿನ ಹಿಂಭಾಗ ಕತ್ತರಿಯಲ್ಲಿ ಸೀಳಿ, ಒಳಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು ಹಚ್ಚಿಕೊಂಡಿದ್ದೇನೆ. ಕಡೆಗೆ ಬರೀ ನೀರು ಸೋಕಿದರೂ ಉರಿ. ಸ್ಟಿರಾಯ್ಡ್ ಹಚ್ಚಿ ಹಚ್ಚಿಯೇ ರೊಸೇಶಿಯಾದಂತಹ ತೊಂದರೆ ಬರುವುದುಂಟು. ಮೊದಲೇ ಇದ್ದವರಿಗೆ ಅದು ಇನ್ನೂ ಕೆರಳುತ್ತದೆ.

ಅದಕ್ಕೇ ಹೇಳಿದ್ದು, ಟ್ಯೂಬ್ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್, ಫ್ಲೂಸಿನೊಲೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟಿರಾಯ್ಡ್. ಬಂಗಿಗೆ ಕೊಡುವ ಎಷ್ಟೋ ಕ್ರೀಮುಗಳಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನೊಯಿನ್ ಜೊತೆ ಮೊಮೆಟಾಸೋನ್ ಸೇರಿರುತ್ತದೆ. ಜನ ಅದನ್ನು ಬೆಳ್ಳಗಾಗುವ ಕ್ರೀಮ್ ಎಂದುಕೊಂಡು ವರ್ಷಗಟ್ಟಲೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ, ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ನಿಮಗೆ ಸಿಕ್ಕಿದೆ, ನನಗೂ ಸಿಕ್ಕಿತ್ತು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ನಿಮ್ಮದರಲ್ಲಿ ಅಂಥ ಹೆಸರಿದ್ದರೆ ಚರ್ಮದ ಡಾಕ್ಟರಿಗೆ ಆ ಟ್ಯೂಬನ್ನೇ ತೋರಿಸಿ. ಬಹಳ ಕಾಲ ಹಚ್ಚಿದವರಿಗೆ ಕೆಲವೊಮ್ಮೆ ಹಂತಹಂತವಾಗಿ ಬಿಡಿಸುತ್ತಾರೆ. ಬಿಟ್ಟ ಮೇಲೆ ಕೆಲವು ವಾರ ಮುಖ ಕೆರಳುತ್ತದೆ, ಆ ಹೊತ್ತಲ್ಲಿ ಹೆದರಿ ಮತ್ತೆ ಹಚ್ಚಬೇಡಿ. ದುಡ್ಡಿನ ಚಿಂತೆ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮದ ವಿಭಾಗ ಇದೆ.

ನನ್ನನ್ನು ನೋಡಿದ ಡಾಕ್ಟರು ಕಿಟಕಿ ಬೆಳಕಿಗೆ ಮುಖ ತಿರುಗಿಸಿ ನೋಡಿದರು. ಮೊಡವೆ ಆಗಿದ್ದರೆ ಕಪ್ಪು ತಲೆಯ ಸಣ್ಣ ಗಂಟುಗಳು ಇರಬೇಕಿತ್ತು, ನನಗೆ ಇರಲಿಲ್ಲ. ಕೀಲು ನೋವು ಇದೆಯಾ, ಜ್ವರ ಬರುತ್ತಾ ಎಂದು ಕೇಳಿದರು, ಲೂಪಸ್ ಎಂಬ ಬೇರೆ ರೋಗದಲ್ಲೂ ಕೆನ್ನೆ ಕೆಂಪಾಗುವುದರಿಂದ. ರೊಸೇಶಿಯಾವನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಅಂತ ಒಂದಿಲ್ಲ. ನೋಡಿ, ಕೇಳಿ ತಿಳಿಯಬೇಕು. ನನಗೆ ಹಚ್ಚಲು ಮೆಟ್ರೊನಿಡಜೋಲ್ ಜೆಲ್, ನುಂಗಲು ಡಾಕ್ಸಿಸೈಕ್ಲಿನ್ ಕೊಟ್ಟರು. ಕೆಲವರಿಗೆ ಅಜೆಲಾಯಿಕ್ ಆಮ್ಲದ ಜೆಲ್ ಅಥವಾ ಐವರ್ಮೆಕ್ಟಿನ್ ಕ್ರೀಮ್ ಕೊಡುತ್ತಾರೆ. ಡೆಮೊಡೆಕ್ಸ್ ಅಂತ ಕಣ್ಣಿಗೆ ಕಾಣದ ಒಂದು ಹುಳ ಎಲ್ಲರ ಚರ್ಮದಲ್ಲೂ ಇರುತ್ತದೆ, ರೊಸೇಶಿಯಾ ಇದ್ದವರಲ್ಲಿ ಜಾಸ್ತಿ ಇರುತ್ತದೆ, ಐವರ್ಮೆಕ್ಟಿನ್ ಅದರ ಮೇಲೂ ಕೆಲಸ ಮಾಡುತ್ತದೆ. ಗರ್ಭಿಣಿ ಆಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಡಾಕ್ಸಿಸೈಕ್ಲಿನ್ ಆಗ ಕೊಡುವುದಿಲ್ಲ. ಅದನ್ನು ನುಂಗುವಾಗ ಬಿಸಿಲಿಗೆ ಮುಖ ಬೇಗ ಸುಡುತ್ತದೆ, ಅಡಿಕೆ ಒಣಗಿಸುವ ಅಟ್ಟ ಹತ್ತುವವರು ಗಮನಿಸಬೇಕು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡೇ ದಿನದಲ್ಲಿ ಮುಖ ತಿಳಿಯಾದರೆ ಏನು ಹಚ್ಚಿದ್ದೀರಿ ಎಂದು ಅನುಮಾನಪಡಿ. ಮೇಲೆ ಕಾಣುವ ನರಗಳು ಜೆಲ್ಲಿಗೆ ಹೋಗುವುದಿಲ್ಲ, ಅವಕ್ಕೆ ಲೇಸರ್ ಬೇಕು. ನಾನು ಮಾಡಿಸಿಲ್ಲ, ಅವು ಹಾಗೇ ಇವೆ.

ಇನ್ನು ಪಥ್ಯ. ಹೊಟ್ಟೆಯ ಉಷ್ಣ ಇಳಿಸಿದರೆ ಇದು ಹೋಗುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಬದನೆಕಾಯಿ, ಹಲಸು, ಕಾಫಿ ಎಲ್ಲ ಬಿಡಿಸಿ, ದಿನಾ ತಂಬುಳಿ ಕುಡಿಸಿದರು. ತಂಬುಳಿ ಕುಡಿಯಿರಿ, ಒಳ್ಳೆಯದೇ, ಆದರೆ ಅದು ಔಷಧಿ ಅಲ್ಲ. ಮುಖಕ್ಕೆ ಹೊರಗಿನಿಂದ ಬಡಿಯುವ ಶಾಖ ನೋಡಿಕೊಳ್ಳಿ. ನಾನೀಗ ಅಡಿಕೆ ಬೇಯಿಸುವ ಕಡೆ ಹೋಗುವುದಿಲ್ಲ, ಸುಲಿಯಲು ಕೂರುತ್ತೇನೆ. ಬಚ್ಚಲ ಹಂಡೆಯ ಸುಡು ನೀರು ಮೈಗೆ ಮಾತ್ರ, ಮುಖಕ್ಕೆ ಉಗುರುಬೆಚ್ಚಗಿನದು. ಬಿಸಿಲಿಗೆ ಹೋಗುವಾಗ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್, ತಲೆಗೆ ಅಗಲದ ಟೊಪ್ಪಿ. ಮೋಡ ಇದ್ದರೂ ಬಿಡಬೇಡಿ. ನಿಂಬೆರಸ, ಕಡಲೆಹಿಟ್ಟು ಉಜ್ಜುವುದು ಇವತ್ತೇ ನಿಲ್ಲಿಸಿ.

ಕಾಫಿ ಬಿಡಬೇಕಿಲ್ಲ, ಬಿಸಿ ಆರಿಸಿ ಕುಡಿಯಿರಿ. ಅಮೆರಿಕದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ನರ್ಸುಗಳ ವಿವರ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಫಿ ಜಾಸ್ತಿ ಕುಡಿಯುವವರಲ್ಲಿ ರೊಸೇಶಿಯಾ ಕಡಿಮೆಯೇ ಕಂಡಿತ್ತು. ಸೂಜಿ ಮೆಣಸು ಮಾತ್ರ ನನಗೆ ಆಗುವುದಿಲ್ಲ. ನಿಮಗೆ ಆಗಬಹುದು. ಒಬ್ಬೊಬ್ಬರಿಗೆ ಒಂದೊಂದು ಕೆರಳಿಸುತ್ತದೆ, ಆದ್ದರಿಂದ ಮುಖ ಕೆಂಪಾದ ದಿನ ಏನು ತಿಂದಿರಿ, ಎಲ್ಲಿದ್ದಿರಿ ಎಂದು ಕ್ಯಾಲೆಂಡರಿನಲ್ಲೇ ಬರೆಯಿರಿ. ಸುಮ್ನೆ ಎಲ್ಲ ಬಿಟ್ಟು ಸೊರಗಬೇಡಿ.

ಪೂರ್ತಿ ಹೋಗುತ್ತದಾ ಅಂದರೆ, ಇಲ್ಲ. ಹತೋಟಿಯಲ್ಲಿ ಇರುತ್ತದೆ. ನನ್ನ ಮುಖ ಈಗ ವರ್ಷದ ಹೆಚ್ಚು ದಿನ ತಣ್ಣಗಿದೆ, ಕೊಯ್ಲಿನ ಹೊತ್ತಲ್ಲಿ ಒಮ್ಮೊಮ್ಮೆ ಏರುತ್ತದೆ. ನಿಮ್ಮ ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಆಗ ಉರಿ, ಚುರುಗುಟ್ಟುವುದು, ಬಿಸಿ ಏರುವುದು, ಇದನ್ನೇ ಡಾಕ್ಟರಿಗೆ ಬಿಡಿಸಿ ಹೇಳಿ.

ಕಣ್ಣಿನ ಬಗ್ಗೆ ನೀವು ಏನೂ ಬರೆದಿಲ್ಲ. ಈ ರೋಗ ಕಣ್ಣಿಗೂ ಬರುತ್ತದೆ. ಮರಳು ಬಿದ್ದಂತೆ ಚುಚ್ಚುವುದು, ರೆಪ್ಪೆ ಅಂಚು ಕೆಂಪಾಗುವುದು ಇದ್ದರೆ ತೋರಿಸಿಕೊಳ್ಳಿ. ಬೆಳಕು ನೋಡಲಾಗದಷ್ಟು ನೋವು ಬಂದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ರೊಸೇಶಿಯಾ ಇದೆ ಎಂದು ಹೇಳಿ, ಮುಖಕ್ಕೆ ಏನು ಹಚ್ಚುತ್ತಿದ್ದಿರಿ ಎನ್ನುವುದನ್ನೂ ಹೇಳಿ. ಕಣ್ಣಿನ ಸುತ್ತ ಸ್ಟಿರಾಯ್ಡ್ ಬಹಳ ದಿನ ಹಚ್ಚಿದ್ದರೆ ಕಣ್ಣಿನ ಒತ್ತಡ ಏರಿರಬಹುದು, ಅದನ್ನೂ ಪರೀಕ್ಷೆ ಮಾಡುತ್ತಾರೆ.