ಅಡಿಕೆ ಮರ ಹತ್ತುವವನಿಗೂ ಬೊಜ್ಜಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ, ಮನೆ ಬದಿಯಡ್ಕದ ಹತ್ತಿರ. ಅಡಿಕೆ ಮರ ಹತ್ತುವುದೇ ಕೆಲಸ. ಮಳೆಗಾಲದಲ್ಲಿ ಮದ್ದು ಬಿಡುವುದು, ಆಮೇಲೆ ಕೊನೆ ತೆಗೆಯುವುದು. ಎತ್ತರ 165 ಸೆಂ.ಮೀ., ತೂಕ 71 ಕಿಲೋ. ಮೊನ್ನೆ ಒಂದು ಶಿಬಿರದಲ್ಲಿ ಬಿಎಂಐ 26 ಎಂದು ಬರೆದು, ಅಡಿಗೆ ಗೆರೆ ಎಳೆದು, ಬೊಜ್ಜು ಅಂದರು. ಜೊತೆಗೆ ಬಂದ ಭಾವನಿಗೆ 22, ನಾರ್ಮಲ್ ಅಂತೆ. ಅವರು ಇಡೀ ದಿನ ಅಂಗಡಿಯಲ್ಲಿ ಕೂರುವವರು, ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ಈಗ ಮನೆಯಲ್ಲಿ ಎಲ್ಲರ ಕಣ್ಣು ನನ್ನ ಗಂಜಿ ಬಟ್ಟಲಿನ ಮೇಲೆ. ಇದೆಂಥ ಲೆಕ್ಕ?

ಉತ್ತರ: ಲೆಕ್ಕ ತಪ್ಪಿಲ್ಲ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ನಿಮಗೆ 26 ಚಿಲ್ಲರೆ ಬರುತ್ತದೆ, ಅದೇ ಬಿಎಂಐ. ಆದರೆ ಆ 71 ಕಿಲೋದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಅಂತ ತಕ್ಕಡಿಗೆ ಗೊತ್ತಾಗುವುದಿಲ್ಲ ಅಲ್ವಾ? ಮರ ಹತ್ತಿ ಗಟ್ಟಿಯಾದ ತೊಡೆಯೂ ಅದಕ್ಕೆ ಬರೀ ಭಾರ. ಈ ಸೂತ್ರ ಮಾಡಿದ ಬೆಲ್ಜಿಯಂನ ಕೆಟ್ಲೆ ವೈದ್ಯನೇ ಅಲ್ಲ, 1830ರ ದಶಕದ ಗಣಿತಜ್ಞ. ಅವನಿಗೆ ಬೇಕಾಗಿದ್ದು ಜನರ ಸರಾಸರಿ, ಒಬ್ಬೊಬ್ಬರ ಆರೋಗ್ಯ ಅಲ್ಲ. ಬಿಎಂಐ ಅನ್ನುವ ಹೆಸರು ಬಂದದ್ದೇ 1972ರಲ್ಲಿ.

ಹಾಗಂತ ಚೀಟಿ ಹರಿದು ಬಿಸಾಡಬೇಡಿ. ಹೊರದೇಶಗಳಲ್ಲಿ ಸಾಮಾನ್ಯವಾಗಿ 30 ದಾಟಿದರೆ ಬೊಜ್ಜು, ನಮಗೆ 25ಕ್ಕೇ. ಯಾಕೆಂದರೆ ಅದೇ ಬಿಎಂಐ ಇದ್ದರೂ ನಮ್ಮವರ ಮೈಯಲ್ಲಿ ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಸುತ್ತ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮನ್ನೇ ಅಳೆದುಕೊಂಡು ಲ್ಯಾನ್ಸೆಟ್‌ ಪತ್ರಿಕೆಯಲ್ಲಿ ಫೋಟೋ ಸಮೇತ ಹಾಕಿದ್ದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕರಿಗೆ ಶೇ. 21.2!

ಅದಕ್ಕೇ ನನಗೆ ನಿಮಗಿಂತ ನಿಮ್ಮ ಭಾವನ 22ರದ್ದೇ ಚಿಂತೆ.

ಮನೆಯಲ್ಲಿ ಹೊಲಿಗೆಯ ಟೇಪು ಇದ್ದರೆ ತನ್ನಿ. ಲುಂಗಿ ಕಟ್ಟುವಲ್ಲಿ ಅಳೆಯಬೇಡಿ. ಹೊಟ್ಟೆ ಇರುವವರು ಲುಂಗಿಯನ್ನು ಅದರ ಕೆಳಗೇ ಕಟ್ಟುವುದು, ಅಲ್ಲಿ ಅಳೆದರೆ ಯಾವಾಗಲೂ ಸಮಾಧಾನವೇ. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಯ ತುದಿಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80, ಅದರ ಒಳಗಿರಬೇಕು. ಇನ್ನೂ ಸುಲಭ ಬೇಕಾ? ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ, ಅಂದರೆ ನಿಮಗೆ 82 ಚಿಲ್ಲರೆ.

ನಿಮ್ಮದು ಅಷ್ಟರೊಳಗಿದ್ದು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಸರಿ ಇದ್ದರೆ ಸುಮ್ನೆ ಗಂಜಿ ಕಡಿಮೆ ಮಾಡಿಕೊಳ್ಳಬೇಡಿ. ಮರದ ಮೇಲೆ ತಲೆ ತಿರುಗಿದರೆ ಕಷ್ಟ. 90 ದಾಟಿದ್ದರೆ ಮಾತ್ರ, ಮರ ಹತ್ತುತ್ತೇನೆ ಅನ್ನುವ ಸಬೂಬು ನಡೆಯುವುದಿಲ್ಲ. ರಕ್ತ ಪರೀಕ್ಷೆಗೆ ಹೋಗುವಾಗ ಭಾವನನ್ನೂ ಕರೆದುಕೊಂಡು ಹೋಗಿ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ದಾರಿಯ ಹೋಟೆಲಿನ ಗೋಳಿಬಜೆ, ಚಾ ಎಲ್ಲ ರಕ್ತ ಕೊಟ್ಟ ಮೇಲೆ.